ಕಾನಿನಂಚಿನ ಮನೆಯಲ್ಲಿ ಕೆಂಚನಿಗೊಂದು ಗೂಡು

ಹೊಸನಗರ ತಾಲ್ಲೂಕಿನಲ್ಲಿ ಕಾನಿಗೆ (ದಟ್ಟ ಕಾಡಿಗೆ) ಬೆನ್ನು ಕೊಟ್ಟು ನಿಂತ ಮನೆ ನಮ್ಮದು. ಇಲ್ಲಿಂದ ಎಷ್ಟು ಜೋರಾಗಿ ಕೂಗಿದರೂ ಹತ್ತಿರದ ಮನೆಗೆ ಕೇಳುವುದಿಲ್ಲ. ಮನೆಯಲ್ಲಿ ಇರುವುದು ನಾನು ಮತ್ತು ಕೆಂಚ. ಕೆಂಚ ನಾಟಿ ನಾಯಿ, ಕೆಂಪು ಮೈ, ಹದಿನಾರು ಕೆಜಿ ತೂಕ. ಈ ಕಡೆಯ ಒಂಟಿ ಮನೆಗಳಲ್ಲಿ ಮುಪ್ಪಾಗಿ ಸತ್ತ ನಾಯಿಗಳು ಕಡಿಮೆ. ಹೆಚ್ಚಿನವನ್ನು ಚಿರತೆ ಹೊತ್ತುಕೊಂಡು ಹೋಗಿರುತ್ತದೆ, ಇಲ್ಲವೇ ಉಣುಗಿನಿಂದ (ರಕ್ತ ಕುಡಿಯುವ ಉಣ್ಣೆಹುಳದಿಂದ) ಬರುವ ಜ್ವರ ತಿಂದಿರುತ್ತದೆ. ಅವನಿಗೂ ಹಾಗಾಗಬಾರದು ಎಂದು ಈ ಬೇಸಿಗೆಯಲ್ಲಿ ಗೂಡು ಕಟ್ಟಿಸಿದೆ. ಕಟ್ಟಿದ ಕ್ರಮ, ಅಳತೆ, ಖರ್ಚು, ಮಳೆಗಾಲದಲ್ಲಿ ಕೆಟ್ಟದ್ದು, ತಿದ್ದಿದ್ದು ಎಲ್ಲ ಬರೆದಿಡುತ್ತಿದ್ದೇನೆ.

ಮನೆ ಒಳಗೇ ಮಲಗಿಸಿಕೊಳ್ಳಬಹುದಲ್ಲ ಎಂದು ಕೇಳಿದವರಿದ್ದಾರೆ. ಮಳೆಗಾಲದಲ್ಲಾದರೆ ಸರಿ. ಡಿಸೆಂಬರಿನಿಂದ ಮೇ ತನಕ ಕಾನಿನಲ್ಲಿ ಸುತ್ತಿ ಬಂದ ನಾಯಿಯ ಮೈ ಮೇಲೆ ಏನೆಲ್ಲ ಹತ್ತಿಕೊಂಡು ಬರುತ್ತದೆ ಎಂದು ಗೊತ್ತಿದ್ದವರು ಅದನ್ನು ಹಾಸಿಗೆ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಉಣುಗಿನಿಂದ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಆ ಕಾಯಿಲೆಗೆ ಜನ ಸತ್ತದ್ದನ್ನು ಯಾರೂ ಮರೆತಿಲ್ಲ.

ಹಂತ 1: ಜಾಗ (ಫೆಬ್ರವರಿ)

ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದು ಜಾಗದ ಬಗ್ಗೆ. ಸಾಮಾನ್ಯವಾಗಿ ನಾಯಿಗೂಡು ಇರುವುದು ಅಂಗಳದ ತುದಿಯಲ್ಲಿ, ದಣಪೆ (ಬೇಲಿಯ ಗೇಟು) ಹತ್ತಿರ. ಬಂದವರನ್ನು ಕಂಡು ಬೊಗಳಲಿ ಎಂದು. ಹಗಲಿಗೆ ಅದು ಸರಿ. ರಾತ್ರಿ ಮನೆಯಿಂದ ದೂರ ಇದ್ದಷ್ಟೂ ನಾಯಿಗೆ ಅಪಾಯ. ಅದರಲ್ಲೂ ಸರಪಳಿ ಹಾಕಿ ಕಟ್ಟಿದ ನಾಯಿ ಚಿರತೆಯ ಪಾಲಿಗೆ ಅಕ್ಷರಶಃ ಕಟ್ಟಿಟ್ಟ ಬುತ್ತಿ. ಬಿಟ್ಟ ನಾಯಿಯಾದರೆ ಜಗಲಿಗಾದರೂ ಓಡಿ ಬಂದೀತು.

ಮನೆಯ ಪೂರ್ವದ ಗೋಡೆಯನ್ನು ಆರಿಸಿಕೊಂಡೆ. ಮೂರು ಕಾರಣ. ಮಳೆ, ಗಾಳಿ ಬರುವುದು ಪಶ್ಚಿಮ ಮತ್ತು ನೈರುತ್ಯದಿಂದ. ಪೂರ್ವದಲ್ಲಿ ಮನೆಯೇ ಅಡ್ಡ ನಿಲ್ಲುತ್ತದೆ, ಎರಚಲು ಕಡಿಮೆ. ಎರಡನೆಯದು, ಆ ಗೋಡೆಯ ಒಳಬದಿಯಲ್ಲಿ ಬಚ್ಚಲು ಒಲೆ ಇದೆ. ಮಳೆಗಾಲದಲ್ಲಿ ನಮ್ಮಲ್ಲಿ ಆ ಒಲೆ ಆರುವುದೇ ಇಲ್ಲ. ಹಗಲಿಡೀ ಕುಂಟೆ ಉರಿಯುತ್ತಿರುತ್ತದೆ, ಒಂಬತ್ತು ಇಂಚಿನ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ ರಾತ್ರಿ ತನಕ ಬಿಸಿ ಹಿಡಿದಿರುತ್ತದೆ. ಮೂರನೆಯದು, ಬಚ್ಚಲಿಗೆ ಹೊಂದಿಕೊಂಡು ನಾನು ಮಲಗುವ ಕೋಣೆ. ಗೂಡಿನ ಆರು ಅಡಿಯಲ್ಲಿ ನಾಲ್ಕು ಅಡಿ ಬಚ್ಚಲಿನ ಗೋಡೆಗೆ, ಎರಡು ಅಡಿ ಕೋಣೆಯ ಗೋಡೆಗೆ ಬರುವಂತೆ ಗುರುತು ಹಾಕಿದೆ.

ಕೆಲಸ ಶುರು ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಒಲೆಗೆ ಹಸಿ ಸೊಪ್ಪು ತುಂಬಿ ಹೊಗೆ ಎಬ್ಬಿಸಿ, ಹೊರಗೆ ನಿಂತು ಗೋಡೆಯ ಸಂದುಗಳನ್ನು ನೋಡಿದೆ. ಹಳೆಯ ಮಣ್ಣಿನ ಗಾರೆ ಉದುರಿದ ಎರಡು ಕಡೆ ಸಣ್ಣಗೆ ಹೊಗೆ ಬರುತ್ತಿತ್ತು. ಮುಚ್ಚಿದ ಗೂಡಿನಲ್ಲಿ ರಾತ್ರಿಯಿಡೀ ಒಲೆಯ ಹೊಗೆ ಕುಡಿದರೆ ನಾಯಿ ಬೆಳಿಗ್ಗೆ ಏಳುವುದಿಲ್ಲ. ಒಳಗಿನಿಂದಲೂ ಹೊರಗಿನಿಂದಲೂ ಸಂದುಗಳನ್ನು ಕೆರೆದು ಸಿಮೆಂಟ್ ತುಂಬಿ, ಮತ್ತೆ ಹೊಗೆ ಎಬ್ಬಿಸಿ ನೋಡಿದ ಮೇಲೇ ಪಾಯಕ್ಕೆ ಗುದ್ದಲಿ ಹಾಕಿದ್ದು.

ಹಂತ 2: ಪಾಯ ಮತ್ತು ಗೋಡೆ (ಮಾರ್ಚ್)

ಒಳಗಿನ ಅಳತೆ 6 ಅಡಿ ಉದ್ದ, 4 ಅಡಿ ಅಗಲ. ಮನೆಗೋಡೆ ಒಂದು ಬದಿಗೆ ಸಿಕ್ಕಿದ್ದರಿಂದ ಕಟ್ಟಬೇಕಾದದ್ದು ಮೂರೇ ಗೋಡೆ. ಮನೆಯ ಕಡೆ 6 ಅಡಿ ಎತ್ತರ, ಹೊರಗಡೆ ಮೂರೂವರೆ ಅಡಿ. ಕಲ್ಲು 15 ಇಂಚು ಉದ್ದ, 9 ಅಗಲ, 7 ಎತ್ತರದ ಜಂಬಿಟ್ಟಿಗೆ. ಪಾಯಕ್ಕೆ ಎರಡು ವರಸೆ ಸೇರಿ 110 ಕಲ್ಲು ತರಿಸಿದೆ, ಒಡೆದವೂ ಸೇರಿ ಸರಿಹೋಯಿತು. ನೆಲವನ್ನು ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರಿಸಿದೆ. ಹುಲಿಕಲ್, ಮಾಣಿ, ಯಡೂರು ಕಡೆಯ ಮಳೆ ನೋಡಿದವರಿಗೆ ಇದು ಹೆಚ್ಚೆನಿಸುವುದಿಲ್ಲ. ಆರಿದ್ರೆ ಮಳೆ (ಜೂನ್ ಕೊನೆ, ಜುಲೈ ಮೊದಲು) ಜೋರು ಹಿಡಿದಾಗ ಅಂಗಳದಲ್ಲಿ ನೀರು ಹರಿಯುತ್ತಲೇ ಇರುತ್ತದೆ.

ಕೋಣೆಯ ಗೋಡೆಯಲ್ಲಿ, ನನ್ನ ಮಂಚದ ತಲೆಯ ಹತ್ತಿರ, ಒಂದು ಕಲ್ಲು ಬಿಡಿಸಿ ಕಿಂಡಿ ಮಾಡಿಸಿದೆ. 15 ಇಂಚು ಅಗಲ, 7 ಇಂಚು ಎತ್ತರ. ನಡುವೆ 12 ಎಂ.ಎಂ. ಸರಳು ಮೂರು, ಸೊಳ್ಳೆಪರದೆಯ ಬಲೆ ಒಂದು. ಇಡೀ ಗೂಡಿನಲ್ಲಿ ಅತಿ ಕಡಿಮೆ ಖರ್ಚಾದದ್ದು ಇದಕ್ಕೆ, ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ. ಅವನು ಎದ್ದು ಮೈ ಕೊಡವಿದರೂ ನನಗೆ ಕೇಳುತ್ತದೆ. ನಾನು ಕೆಮ್ಮಿದರೆ ಅವನ ಬಾಲ ಗೋಡೆಗೆ ಬಡಿಯುತ್ತದೆ.

ಇನ್ನು ಗಿಲಾವು. ಜಂಬಿಟ್ಟಿಗೆಯನ್ನು ಹಾಗೇ ಬಿಟ್ಟರೆ ಚೆಂದ, ಖರ್ಚೂ ಉಳಿಯುತ್ತದೆ. ಮೇಸ್ತ್ರಿಯೂ ಅದನ್ನೇ ಹೇಳಿದರು: "ನಾಯಿಗೂಡಿಗೆ ಗಿಲಾವು ಯಾಕೆ ಗೌಡ್ರೆ, ಮನುಷ್ಯರೇ ಮಾಡಿಸ್ತಿಲ್ಲ ಈಗ." ಆದರೂ ಒಳಬದಿ ಪೂರ್ತಿ ನಯವಾಗಿ ಗಿಲಾವು ಮಾಡಿಸಿದೆ. ಇದರ ಹಿಂದೆ ಉಣುಗಿನ ಲೆಕ್ಕ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾಯಿಯ ಮೈ ಮೇಲೆ ಸಿಗುವ ಉಣುಗು ಎಲ್ಲ ಒಂದೇ ಜಾತಿಯದಲ್ಲ. ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗು. ಅದು ಮೊಟ್ಟೆಯಿಡುವುದು, ಮರಿಯಾಗುವುದು ಎಲ್ಲ ದರಗಿನಲ್ಲೇ (ಉದುರಿದ ಒಣ ಎಲೆಯಲ್ಲೇ). ಬೇಸಿಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಒಣ ಎಲೆ ಮೇಲೆ ಕಾದು ಕೂತು ಹಾದುಹೋದ ಮೈಗೆ ಹತ್ತಿಕೊಳ್ಳುತ್ತವೆ. ಇನ್ನೊಂದು ನಾಯಿಯದ್ದೇ ಕಂದು ಉಣುಗು. ಅದಕ್ಕೆ ಕಾಡು ಬೇಕಾಗಿಲ್ಲ. ರಕ್ತ ಕುಡಿದು ಉದುರಿದ ಮೇಲೆ ಗೋಡೆ ಹತ್ತಿ ಸಂದಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಮರಿಗಳು ಮತ್ತೆ ಅದೇ ನಾಯಿಗೆ ಹತ್ತುತ್ತವೆ. ಜಂಬಿಟ್ಟಿಗೆಯ ಮೈಯೆಲ್ಲ ತೂತು, ಕಲ್ಲಿಗೆ ಕಲ್ಲಿಗೆ ಸಂದು. ಅಂಥ ಗೂಡಿನಲ್ಲಿ ನಾಯಿಗೆ ಎಷ್ಟು ಔಷಧಿ ಹಾಕಿದರೂ ಗೋಡೆಯಿಂದ ಹೊಸದು ಬರುತ್ತಲೇ ಇರುತ್ತದೆ.

ಹಾಗಾಗಿ ನೆಲ, ಗೋಡೆ, ಮೂಲೆ ಎಲ್ಲೂ ಸಂದಿಲ್ಲದಂತೆ ಗಿಲಾವು. ನೆಲ ಗೋಡೆ ಕೂಡುವ ಕಡೆ ಮೂಲೆ ಬರದ ಹಾಗೆ ದುಂಡಗೆ ತೀಡಿಸಿದ್ದರಿಂದ ಕಸಬರಿಗೆ ಎಲ್ಲ ಕಡೆ ಹೋಗುತ್ತದೆ. ಮೇಲೆ ಎರಡು ಕೋಟು ಸುಣ್ಣ. ಬಿಳಿ ಗೋಡೆ ಮೇಲೆ ಒಂದು ಉಣುಗು ಹರಿದರೂ ಕಾಣುತ್ತದೆ.

ಕಾಡಿನ ಉಣುಗಿಗೆ ಗೂಡಿನಿಂದ ಪರಿಹಾರ ಇಲ್ಲ. ಅದಕ್ಕೆ ಮನೆ ಸುತ್ತ ಹತ್ತು ಅಡಿ ಅಗಲ ದರಗು ಗುಡಿಸಿ ಕೆಂಪು ನೆಲ ಕಾಣುವಂತೆ ಇಟ್ಟಿದ್ದೇನೆ. ಪಶುವೈದ್ಯರನ್ನು ಕೇಳಿ, ತೂಕಕ್ಕೆ ತಕ್ಕ ಉಣುಗಿನ ಮಾತ್ರೆಯನ್ನು ತಪ್ಪದೆ ಕೊಡುತ್ತಿದ್ದೇನೆ. ಮೈ ತಡಕುವಾಗ ಕಿವಿಯೊಳಗೆ, ಕಾಲ್ಬೆರಳ ಸಂದಿ, ಬಾಲದ ಬುಡ ಈ ಮೂರನ್ನು ಬಿಡಬಾರದು. ಸಿಕ್ಕಿದ್ದನ್ನು ಬರಿಗೈಯಲ್ಲಿ ಹಿಸುಕಬಾರದು. ಚಿಮಟದಲ್ಲಿ ಕಿತ್ತು ಸೋಪಿನ ನೀರಿಗೆ ಹಾಕುತ್ತೇನೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಇರುವುದು ಮನುಷ್ಯರ ಕೈಕಾಲಿಗೆ. ಅದನ್ನು ಕೆಂಚನಿಗೆ ಹಚ್ಚಿಲ್ಲ, ಅವನು ಮೈ ನೆಕ್ಕುತ್ತಾನೆ. ಸತ್ತ ಮಂಗ ಕಂಡ ಕಡೆಗೆ ನಾನೂ ಹೋಗುವುದಿಲ್ಲ, ಅವನನ್ನೂ ಬಿಡುವುದಿಲ್ಲ. ಆರೋಗ್ಯ ಕೇಂದ್ರಕ್ಕೆ ಫೋನು ಮಾಡುತ್ತೇನೆ.

ಹಂತ 3: ಹಂಚಿನ ಮಾಡು (ಏಪ್ರಿಲ್)

ಬಿದ್ದ ಹಳೆ ಕೊಟ್ಟಿಗೆಯ ಮತ್ತಿ ಮರದ ಪಕಾಸಿ (ಮಾಡಿನ ಓರೆ ತೊಲೆ), ರೀಪು (ಹಂಚು ಕೂರುವ ಪಟ್ಟಿ), ಮಂಗಳೂರು ಹಂಚು ಇದ್ದವು. ಸುಮಾರು 90 ಹಂಚು ಹಿಡಿಯಿತು. ಇಳಿಜಾರು ಮೂವತ್ತು ಡಿಗ್ರಿ. ಇದಕ್ಕಿಂತ ಚಪ್ಪಟೆ ಮಾಡಿದರೆ ಗಾಳಿಮಳೆಗೆ ನೀರು ಹಂಚಿನಡಿ ನುಗ್ಗುತ್ತದೆ. ಹೊರಬದಿಗೆ ಒಂದೂಕಾಲು ಅಡಿ ಚಾಚು ಬಿಟ್ಟೆ. ಮನೆಗೋಡೆ ಕೂಡುವ ಕಡೆ ಗೋಡೆಯಲ್ಲಿ ಎರಡಿಂಚು ಸೀಳು ಕೊರೆದು ಅದರೊಳಗೆ ತಗಡಿನ ಅಂಚು ಸೇರಿಸಿ ಗಾರೆ ಹಾಕಿಸಿದೆ. ಸೋರುವುದು ಯಾವಾಗಲೂ ಅಲ್ಲೇ.

ಮರಕ್ಕೆ ಗೇರೆಣ್ಣೆ ಹೊಡೆದೆ. ಗೆದ್ದಲಿಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಆದ್ದರಿಂದ ಮಾಡಿಗೆ ಏರಿಸುವ ಮುಂಚೆ, ಬಿಸಿಲಿನಲ್ಲಿ, ಕೆಂಚ ಹೋಗದ ಕಡೆ ಒಣಗಿಸಬೇಕು. ಒಣಗಿದ ಮೇಲೂ ವಾಸನೆ ಹೋಗಲಿಲ್ಲ. ಗೂಡು ಮುಗಿದ ಮೇಲೂ ಎಷ್ಟೋ ದಿನ ಅವನು ಬಾಗಿಲಿಗೆ ಬಂದು ಮೂಸಿ ವಾಪಸ್ ಹೋಗುತ್ತಿದ್ದ. ಊಟದ ತಟ್ಟೆ ಒಳಗಿಟ್ಟು, ಬಾಗಿಲು ಮುಚ್ಚದೆ, ನಾನೂ ಒಳಗೆ ಕೂತು ಅಭ್ಯಾಸ ಮಾಡಿಸಬೇಕಾಯಿತು. ಗೇರೆಣ್ಣೆ ಹೊಡೆಯುವವರು ಜನವರಿಯಲ್ಲೇ ಹೊಡೆದಿಟ್ಟರೆ ಒಳ್ಳೆಯದು.

ಹಂಚಿನ ಕೆಳಗೆ, ಪಕಾಸಿಗೆ ಹೊಂದಿಸಿ, ವೆಲ್ಡ್ ಮೆಶ್ ಹೊಡೆಸಿದೆ. ಒಂದಿಂಚಿಗೆ ಒಂದಿಂಚಿನ ಕಣ್ಣು, 10 ಗೇಜ್ ತಂತಿ. ಹಂಚು ಅಂದರೆ ಬಾಗಿಲಲ್ಲ, ಸರಿಸಿದರೆ ಸರಿಯುತ್ತದೆ. ಮಾಡಿನ ತುದಿ ಮೂರಡಿ ಎತ್ತರದಲ್ಲಿದ್ದರೆ ಚಿರತೆಗೆ ಅದು ಮೆಟ್ಟಿಲು. ಮೇಸ್ತ್ರಿಗೆ ಇದೂ ಹಿಡಿಸಲಿಲ್ಲ. "ಮಾಡಿನ ಮೇಲಿಂದ ಯಾವ ಕುರ್ಕ ಬರ್ತದೆ ಗೌಡ್ರೆ, ಸುಮ್ನೆ ದುಡ್ಡು" ಅಂದರು. ಕುರ್ಕ ಅಂದರೆ ಚಿರತೆ. ಹೊಡೆದದ್ದು ಮಾತ್ರ ಗಟ್ಟಿಯಾಗಿ ಹೊಡೆದರು. ಪ್ರತಿ ನಾಲ್ಕು ಇಂಚಿಗೆ ಯು ಮೊಳೆ, ಅಂಚಿನಲ್ಲಿ ರೀಪಿನ ಪಟ್ಟಿ ಇಟ್ಟು ಸ್ಕ್ರೂ.

ಹಂತ 4: ಬಾಗಿಲು

ಉತ್ತರದ ಕಿರುಗೋಡೆಯಲ್ಲಿ, ಅಂಗಳದ ಕಡೆಗೆ, 2 ಅಡಿ ಅಗಲ 3 ಅಡಿ ಎತ್ತರದ ಬಾಗಿಲು. ಹೊಸನಗರದಲ್ಲಿ ವೆಲ್ಡಿಂಗ್ ಮಾಡಿಸಿದ್ದು. ಚೌಕಟ್ಟು ಕಬ್ಬಿಣದ ಎಲ್ ಆಂಗಲ್, ನಡುವೆ 12 ಎಂ.ಎಂ. ಸರಳು ನಾಲ್ಕಿಂಚಿಗೊಂದು, ಒಳಬದಿಗೆ ಮಾಡಿನ ಮೆಶ್‌ನದ್ದೇ ತುಂಡು.

ಮೊದಲು ತಂದದ್ದು ಬೇಲಿಗೆ ಹಾಕುವ ಚೈನ್‌ಲಿಂಕ್ ಬಲೆ, ಎರಡಿಂಚು ಕಣ್ಣಿನದ್ದು. ಬಾಗಿಲಿಗೆ ಕಟ್ಟಿ ನೋಡಿದಾಗ ನನ್ನ ನಾಲ್ಕು ಬೆರಳು ಒಳಗೆ ಹೋದವು. ಕೆಂಚ ಮಲಗುವುದೇ ಬಾಗಿಲಿಗೆ ಬೆನ್ನು ಒತ್ತಿ. ಚಿರತೆ ಒಳಗೆ ಬರಬೇಕೆಂದಿಲ್ಲ, ಉಗುರು ತಾಗಿದರೆ ಸಾಕು. ಅದನ್ನು ಬಿಚ್ಚಿ ತರಕಾರಿ ಮಡಿಯ ಬೇಲಿಗೆ ಹಾಕಿದೆ. ನಾಯಿಗೂಡು ಮಾಡಿಸುವವರು ಬಲೆ ಕೊಳ್ಳುವಾಗ ಕಣ್ಣಿನ ಅಳತೆಯನ್ನೇ ಮೊದಲು ಕೇಳಬೇಕು, ತಂತಿಯ ದಪ್ಪ ಆಮೇಲೆ.

ಬಾಗಿಲು ಹೊರಗೆ ತೆರೆಯುತ್ತದೆ. ಹೊರಗಿನಿಂದ ಎಷ್ಟು ನೂಕಿದರೂ ಚೌಕಟ್ಟಿಗೇ ಒತ್ತಿಕೊಳ್ಳುತ್ತದೆ, ಕೀಲಿನ ಮೇಲೆ ಭಾರ ಬೀಳುವುದಿಲ್ಲ. ಕೆಳಗಿನ ಸಂದು ಅರ್ಧ ಇಂಚಿಗಿಂತ ಕಡಿಮೆ, ಪಂಜ ತೂರಿಸಿ ಎಳೆಯಲು ಆಗಬಾರದು. ಮೇಲೊಂದು ಕೆಳಗೊಂದು ಅಗುಳಿ, ಎರಡಕ್ಕೂ ಅಡ್ಡ ಕೊಕ್ಕೆ.

ಹಂತ 5: ಮಳೆ ಹಿಡಿದ ಮೇಲೆ (ರೋಹಿಣಿಯಿಂದ ಆರಿದ್ರೆ)

ಮಾಡು ಸೋರಲಿಲ್ಲ. ಆದರೂ ಮೃಗಶಿರದಲ್ಲಿ ಗೂಡಿನೊಳಗೆ ಹಾಸಿದ ಗೋಣಿಚೀಲ ದಿನಾ ಬೆಳಿಗ್ಗೆ ಒದ್ದೆ. ಹಂಚು ಸರಿಪಡಿಸಿ ನೋಡಿದೆ, ಎರಚಲು ಎಂದು ಬಾಗಿಲಿಗೆ ಸೋಗೆ ತಟ್ಟಿ ಕಟ್ಟಿದೆ. ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಗೊತ್ತಾದದ್ದು, ನೀರು ಎಲ್ಲಿಂದಲೂ ಬರುತ್ತಿರಲಿಲ್ಲ. ತಣ್ಣಗಿನ ಸಿಮೆಂಟ್ ನೆಲವೇ ಬೆವರುತ್ತಿತ್ತು. ಬಿಸಿಯಾಗುವುದು ಒಲೆಯ ಗೋಡೆ, ನೆಲವಲ್ಲ. ಒದ್ದೆ ಹಾಸಿಗೆಯಲ್ಲಿ ಮಲಗಿದ್ದಕ್ಕೆ ಅವನ ಮೊಣಕೈ ಹತ್ತಿರ ಕೂದಲು ಉದುರಿ ಚರ್ಮ ಕೆಂಪಾಗಿತ್ತು.

ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಪಟ್ಟಿಯ) ಕಿರುಮಂಚ ಮಾಡಿದೆ. ನಾಲ್ಕಡಿಗೆ ಎರಡೂವರೆ ಅಡಿ, ಐದು ಇಂಚು ಎತ್ತರ, ಹಲಸಿನ ತುಂಡಿನ ಕಾಲು. ದಬ್ಬೆಯ ಹೊರಮೈ ಮೇಲೆ ಬರಬೇಕು, ಒಳಮೈಯ ಸಿಬರು ನಾಯಿಯ ಪಾದಕ್ಕೆ ಚುಚ್ಚುತ್ತದೆ. ಅಂಚುಗಳನ್ನು ಕತ್ತಿಯಲ್ಲಿ ಹೆರೆದು ನಯ ಮಾಡಿದೆ. ದಬ್ಬೆಗೆ ದಬ್ಬೆಗೆ ನಡುವೆ ಅರ್ಧ ಇಂಚು ಗಾಳಿಗೆ. ಮಂಚವನ್ನು ಒಲೆಯ ಗೋಡೆಗೆ ತಾಗಿಸಿ ಇಟ್ಟೆ, ಎತ್ತಿ ತೊಳೆಯಲು ಬರುವಂತೆ ನೆಲಕ್ಕೆ ಹೊಡೆದಿಲ್ಲ. ಚೀಲ ಎರಡು, ಒಂದು ಅವನ ಕೆಳಗೆ, ಇನ್ನೊಂದು ಬಚ್ಚಲಿನ ಒಲೆ ಮೇಲೆ ಒಣಗುತ್ತಿರುತ್ತದೆ. ಮೊಣಕೈಯ ಕೂದಲು ಪುನರ್ವಸು ಮುಗಿಯುವಷ್ಟರಲ್ಲಿ ಮತ್ತೆ ಬಂತು.

ಅಂಗಳಕ್ಕೆ ಹಾಕಿದ್ದ ಸೋಲಾರ್ ದೀಪ ಆರಿದ್ರೆಯಲ್ಲಿ ಪೂರ್ತಿ ನಿಂತಿತು. ಬಿಸಿಲೇ ಇಲ್ಲದ ಊರಿಗೆ ಅದನ್ನು ತರಬಾರದು. ಅದರ ಬದಲಿಗೆ ಯುಪಿಎಸ್‌ನಿಂದ ತಂತಿ ಎಳೆದು ಒಂಬತ್ತು ವಾಟ್ ಬಲ್ಬು, ಸ್ವಿಚ್ಚು ನನ್ನ ಮಂಚದ ಹತ್ತಿರ.

ಇಂಬಳಕ್ಕೆ (ಜಿಗಣೆಗೆ) ಒಂದು ಮಾತು. ಬಾಗಿಲಿಗೆ ಹೊಗೆಸೊಪ್ಪಿನ ನೀರಲ್ಲಿ ಅದ್ದಿದ ಬಟ್ಟೆ ಕಟ್ಟಿ ಎಂದು ಹೇಳಿದವರಿದ್ದರು. ಹೊಗೆಸೊಪ್ಪು ನಾಯಿಗೆ ವಿಷ, ಕಟ್ಟಲಿಲ್ಲ. ಒಳಗೆ ಬಿಡುವ ಮುಂಚೆ ಪಾದದ ಸಂದು ನೋಡಿ, ಉಪ್ಪು ತಾಗಿಸಿ ಬಿಡಿಸಿ, ಬಿಸಿನೀರಲ್ಲಿ ತೊಳೆದು ಒರೆಸುತ್ತೇನೆ. ಬಚ್ಚಲು ಪಕ್ಕದಲ್ಲೇ ಇರುವುದು ಇದಕ್ಕೂ ಅನುಕೂಲ.

ಹಂತ 6: ಪುಷ್ಯದ ಒಂದು ರಾತ್ರಿ

ಜುಲೈ ಕೊನೆ. ಮಳೆ ಸ್ವಲ್ಪ ಹೊಳವಾಗಿತ್ತು. ಕಿಂಡಿಯಿಂದ ಕೆಂಚ ಗುರುಗುಟ್ಟುವುದು ಕೇಳಿ ಎಚ್ಚರವಾಯಿತು. ಹಂದಿಗೆ, ಮುಳ್ಳುಹಂದಿಗೆ ಅವನು ಹುಚ್ಚೆದ್ದು ಬೊಗಳುತ್ತಾನೆ. ಅವತ್ತು ಬೊಗಳಲೇ ಇಲ್ಲ. ಗಂಟಲೊಳಗೇ ಸಣ್ಣ ಗುರುಗು, ಉಗುರು ನೆಲಕ್ಕೆ ಕೆರೆಯುವ ಸದ್ದು, ಆಮೇಲೆ ಕಿಂಡಿಯ ಸರಳಿಗೆ ಅವನ ಮೂಗು. ಮೇಲೆ ಹಂಚು ಕಟಕ್ ಎಂದಿತು. ದೀಪ ಹಾಕಿ, ಜಾಗಟೆ ತೆಗೆದು ಕೋಣೆಯೊಳಗಿನಿಂದಲೇ ಬಡಿದೆ. ಬಾಗಿಲು ತೆಗೆದು ಹೊರಗೆ ಹೋಗಲಿಲ್ಲ, ಯಾರೂ ಹೋಗಬಾರದು. ಏನೋ ಧೊಪ್ಪನೆ ನೆಲಕ್ಕೆ ಹಾರಿತು. ಬೆಳಗಾಗುವ ತನಕ ಕಿಂಡಿಯಲ್ಲಿ ಬೆರಳು ಇಟ್ಟು ಅವನ ಜೊತೆ ಮಾತಾಡುತ್ತ ಕೂತಿದ್ದೆ.

ಬೆಳಿಗ್ಗೆ ಕೆಸರಿನಲ್ಲಿ ಹೆಜ್ಜೆ ಇತ್ತು. ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ, ಚಿರತೆಯದ್ದರಲ್ಲಿ ಮೂಡುವುದಿಲ್ಲ. ಇದರಲ್ಲಿ ಉಗುರಿರಲಿಲ್ಲ, ಅಗಲ ನನ್ನ ನಾಲ್ಕು ಬೆರಳಿಗಿಂತ ಸ್ವಲ್ಪ ಹೆಚ್ಚು. ಬಾಗಿಲ ಬಣ್ಣದ ಮೇಲೆ ಕೆರೆದ ಗೆರೆ ಒಂದು. ಮಾಡಿನ ತುದಿಯ ಸಾಲಿನಲ್ಲಿ ಎರಡು ಹಂಚು ಕೆಳಗೆ ಜಾರಿದ್ದವು, ಅವುಗಳಡಿಯ ಮೆಶ್ ಹಾಗೇ ಇತ್ತು.

ಆಮೇಲೆ ಮಾಡಿದ್ದು ಎರಡು. ತುದಿಯ ಮೂರು ಸಾಲು ಹಂಚುಗಳಿಗೆ ತೂತು ಕೊರೆದು ಜಿಐ ತಂತಿಯಲ್ಲಿ ರೀಪಿಗೆ ಬಿಗಿದೆ. ಮಾಡಿನ ಮೇಲೆ ಚಾಚಿದ್ದ ಪೇರಲೆ ಕೊಂಬೆ ಕಡಿದೆ. ಅರಣ್ಯ ಇಲಾಖೆಯವರಿಗೆ ತಿಳಿಸಿದೆ. ಉರುಳು ಹಾಕಿ ಎಂದು ಸಲಹೆ ಕೊಟ್ಟವರೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಚಿರತೆ ಮೊದಲನೇ ಪಟ್ಟಿಯ ಪ್ರಾಣಿ, ಉರುಳು ಅಪರಾಧ. ಕಾನೂನು ಹಾಗಿರಲಿ, ಉರುಳಿಗೆ ಚಿರತೆ ಯಾವುದು ಕೆಂಚ ಯಾವುದು ಎಂದು ಗೊತ್ತಾಗುವುದಿಲ್ಲ. ಇದು ಅದರ ಕಾನು, ಅದು ಇಲ್ಲಿ ಓಡಾಡಿಕೊಂಡೇ ಇರುತ್ತದೆ. ದೀಪ ಹಚ್ಚುವ ಹೊತ್ತಿಗೆ ಕೆಂಚ ಒಳಗಿರಬೇಕು, ಅವನ ಊಟ ಒಳಗೇ ಆಗಬೇಕು, ಅಂಗಳದಲ್ಲಿ ಒಂದು ಅಗುಳೂ ಉಳಿಯಬಾರದು. ನನ್ನ ಕೈಯಲ್ಲಿರುವುದು ಇಷ್ಟು, ಇದನ್ನು ಒಂದು ದಿನವೂ ಬಿಟ್ಟಿಲ್ಲ.

ಖರ್ಚು

ಜಂಬಿಟ್ಟಿಗೆ 110, ಕಲ್ಲಿಗೆ 48ರಂತೆ: 5,280 ರೂ.
ಸಿಮೆಂಟ್ 6 ಚೀಲ: 2,400
ಎಂ-ಸ್ಯಾಂಡ್: 2,500
ವೆಲ್ಡ್ ಮೆಶ್: 2,400
ಬಾಗಿಲು 16 ಕೆಜಿ, ಕೂಲಿ ಸೇರಿ ಕೆಜಿಗೆ 120: 1,920
ಗಾರೆ ಕೂಲಿ: 6,800
ಕೀಲು, ಅಗುಳಿ, ಮೊಳೆ, ಸ್ಕ್ರೂ: 650
ಗೇರೆಣ್ಣೆ: 300
ಸುಣ್ಣ: 150
ಸಾಗಣೆ: 1,500
ಒಟ್ಟು 23,900 ರೂಪಾಯಿ.

ಮರ, ಹಂಚು, ದಬ್ಬೆ ಮನೆಯದ್ದು. ಅವನ್ನೂ ಕೊಳ್ಳುವುದಾದರೆ ಇನ್ನೂ ಏಳೆಂಟು ಸಾವಿರ ಆಗಬಹುದು. ಚೈನ್‌ಲಿಂಕ್ ಮತ್ತು ಸೋಲಾರ್ ದೀಪದ ಹಣ ಇದರಲ್ಲಿ ಸೇರಿಲ್ಲ. ಕೂಲಿಯಲ್ಲಿ ಉಳಿಸಲು ಹೋಗಿ ಗಿಲಾವು ಬಿಡಬೇಡಿ. ಬೇಕಾದರೆ ಅಳತೆಯನ್ನು ಒಂದಡಿ ಚಿಕ್ಕದು ಮಾಡಿ.

ಬಾಕಿ ಇರುವುದು

ಬಾಗಿಲ ಕೀಲು ಆಗಲೇ ತುಕ್ಕು ಹಿಡಿದಿದೆ, ತೆರೆದರೆ ಕಿರುಗುಡುತ್ತದೆ. ಗ್ರೀಸ್ ಹಚ್ಚಿದ್ದು ಮಳೆಗೆ ನಿಲ್ಲುತ್ತಿಲ್ಲ. ಶಿವಮೊಗ್ಗದಿಂದ ಸ್ಟೇನ್‌ಲೆಸ್ ಕೀಲು ತರಬೇಕು, ವೆಲ್ಡಿಂಗ್‌ಗೆ ಬಾಗಿಲನ್ನು ಮತ್ತೆ ಹೊಸನಗರಕ್ಕೆ ಒಯ್ಯಬೇಕು. ಬಾಗಿಲಿಲ್ಲದ ಆ ರಾತ್ರಿಗಳಲ್ಲಿ ಕೆಂಚ ನನ್ನ ಕೋಣೆಯಲ್ಲಿ ಮಲಗಲಿ ಎಂದು ಈ ಕೆಲಸವನ್ನು ಉಣುಗಿನ ಕಾಲ ಶುರುವಾಗುವ ಮುಂಚೆ, ನವೆಂಬರಿನಲ್ಲಿ ಇಟ್ಟುಕೊಂಡಿದ್ದೇನೆ. ಆಗಲೇ ಸುಣ್ಣವನ್ನೂ ಇನ್ನೊಂದು ಕೋಟು ಹೊಡೆದು, ಮಾಡಿನ ಮೆಶ್‌ನ ಯು ಮೊಳೆಗಳನ್ನು ಒಂದೊಂದಾಗಿ ಎಳೆದು ನೋಡುವುದು.